ಔಷಧಚೀಟಿಯ ಪಾಠವಿಮರ್ಶೆ

೧

ಗ್ರಂಥಸಂಪಾದನ ಶಾಸ್ತ್ರವನ್ನು ಅಭ್ಯಾಸಮಾಡಲು ಬರುವ ವಿದ್ಯಾರ್ಥಿಗೆ ಮೊಟ್ಟಮೊದಲು ಹೇಳಿಕೊಡುವ ಮಾತು, ಪ್ರತಿಮಾಡುವವನು ತಪ್ಪುಮಾಡಿಯೇ ಮಾಡುತ್ತಾನೆ ಎಂಬುದು. ಓಲೆಯ ಮೇಲೆ ಕಂಠದಿಂದ ಬರೆದ ಲಿಪಿಕಾರನು ಎಷ್ಟೇ ಪಂಡಿತನಾಗಿರಲಿ, ಎಷ್ಟೇ ಶ್ರದ್ಧೆಯಿಂದ ಕುಳಿತಿರಲಿ, ಒಂದಲ್ಲ ಒಂದು ಕಡೆ ಅವನ ಕಣ್ಣು ಜಾರುತ್ತದೆ, ಇಲ್ಲವೆ ಕೈ ಜಾರುತ್ತದೆ. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯನ್ನು ಬರೆದು ಈ ಶಾಸ್ತ್ರಕ್ಕೆ ನಮ್ಮಲ್ಲಿ ಭದ್ರವಾದ ತಳಹದಿಯನ್ನು ಹಾಕಿಕೊಟ್ಟರು. ಅಕ್ಷರ ಬಿಟ್ಟುಹೋಗುವುದು, ಸಾಲು ಹಾರಿಹೋಗುವುದು, ಒಂದು ಅಕ್ಷರ ಇನ್ನೊಂದಾಗಿ ಕಾಣುವುದು, ಅಪರಿಚಿತ ಶಬ್ದದ ಜಾಗಕ್ಕೆ ಪರಿಚಿತ ಶಬ್ದ ಬಂದು ಕೂರುವುದು ಮೊದಲಾದ ಸ್ಖಾಲಿತ್ಯಗಳನ್ನು ನಾವು ವರ್ಷಗಟ್ಟಲೆ ಕಲಿಸುತ್ತೇವೆ. ಇಷ್ಟೆಲ್ಲ ಶ್ರಮ ಪಡುವುದು ಒಂದು ಕಂದಪದ್ಯದ ಗಣ ಕೆಡದಿರಲೆಂದು. ಗಣ ಕೆಟ್ಟರೆ ರಸಿಕನಿಗೆ ನೋವಾಗುತ್ತದೆಯೆಂಬುದು ನಿಜವೇ ಆದರೂ ಅದರಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ.

ತಪ್ಪಾಗಿ ಓದಿದರೆ ಪ್ರಾಣಕ್ಕೇ ಅಪಾಯ ತರಬಲ್ಲ ಬರಹವೊಂದು ನಮ್ಮ ಊರುಕೇರಿಗಳಲ್ಲಿ ದಿನದಿನವೂ ರಾಶಿರಾಶಿಯಾಗಿ ಹುಟ್ಟುತ್ತಿದೆ. ಅದು ವೈದ್ಯನು ಬರೆದುಕೊಡುವ ಔಷಧದ ಚೀಟಿ. ಸಾಹಿತ್ಯಾಭ್ಯಾಸಿಗಳು ಅದನ್ನು ಬರಹವೆಂದು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಮೆ. ಆ ಬರಹವನ್ನೂ, ಅದರಲ್ಲಿ ನುಸುಳುವ ದೋಷಗಳ ವಿಷಯವಾಗಿ ಬಲ್ಲವರು ಬರೆದಿರುವ ಕೆಲವು ಮುಖ್ಯ ಲೇಖಗಳನ್ನೂ ವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ದೊಡ್ಡ ಆಸ್ಪತ್ರೆಗಳ ವಿಚಾರವನ್ನು ಇಲ್ಲಿ ಎತ್ತಿಕೊಂಡಿಲ್ಲ. ರೋಗಿಯು ಮೊದಲು ಹೋಗಿ ನಿಲ್ಲುವ ಪ್ರಾಥಮಿಕ ಆರೋಗ್ಯ ಕೇಂದ್ರ, ಮನೆಯ ವೈದ್ಯರ ದವಾಖಾನೆ, ಬೀದಿಯ ಮೂಲೆಯ ಔಷಧದಂಗಡಿ ಇಷ್ಟೇ ನಮ್ಮ ಕ್ಷೇತ್ರ. ಇದು ಭಾಷೆಯ ವಿಭಾಗದವರಿಗೆ ಸಲ್ಲದ ಕೆಲಸವೆಂದು ಯಾರಾದರೂ ಆಕ್ಷೇಪಿಸಬಹುದು. ಯಾವ ರೋಗಕ್ಕೆ ಯಾವ ಔಷಧ ಎಂಬುದನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಆದರೆ ಬರೆದದ್ದು ಓದುವವನಿಗೆ ಹೇಗೆ ಮುಟ್ಟುತ್ತದೆ, ಎಲ್ಲಿ ಮುಟ್ಟದೆ ಹೋಗುತ್ತದೆ ಎಂಬ ಪ್ರಶ್ನೆ ನಮ್ಮದೇ.

೨

ವಿಶ್ವ ಆರೋಗ್ಯ ಸಂಸ್ಥೆಯು ೨೦೧೬ರಲ್ಲಿ ಪ್ರಾಥಮಿಕ ಚಿಕಿತ್ಸೆಯ ಸುರಕ್ಷತೆಯನ್ನು ಕುರಿತು ಒಂದು ಪುಸ್ತಕಮಾಲೆಯನ್ನು ಹೊರತಂದಿತು. ಅದರಲ್ಲಿ ಒಂದು ಹೊತ್ತಗೆ ಔಷಧದೋಷಗಳಿಗೇ ಮೀಸಲಾಗಿದೆ. ಔಷಧದೋಷವೆಂದರೇನು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲವೆಂಬುದನ್ನು ಒಪ್ಪಿಕೊಂಡು, ಅಮೆರಿಕದ ಮಂಡಲಿಯೊಂದು ಕೊಟ್ಟ ಲಕ್ಷಣವನ್ನು ಅದು ಆಧಾರವಾಗಿ ಹಿಡಿಯುತ್ತದೆ. ಅದರ ತಾತ್ಪರ್ಯ ಇಷ್ಟು: ಔಷಧವು ವೈದ್ಯವೃತ್ತಿಯವರ, ರೋಗಿಯ ಅಥವಾ ಬಳಸುವವನ ವಶದಲ್ಲಿರುವಾಗ ನಡೆದು, ಅನುಚಿತ ಬಳಕೆಗೋ ಹಾನಿಗೋ ಎಡೆಮಾಡಿಕೊಡುವ, ತಡೆಯಬಹುದಾಗಿದ್ದ ಯಾವುದೇ ಘಟನೆಯೂ ಔಷಧದೋಷವೇ.

ಈ ಲಕ್ಷಣದಲ್ಲಿ ಎರಡು ಗುಣಗಳುಂಟು. ಹಾನಿ ಸಂಭವಿಸದಿದ್ದರೂ ದೋಷ ದೋಷವೇ ಎಂದು ಇದು ಹೇಳುತ್ತದೆ. ಓದುಗನು ಊಹಿಸಿ ಸರಿಪಡಿಸಿಕೊಂಡನೆಂಬ ಕಾರಣದಿಂದ ಅಪಪಾಠವು ಸುಪಾಠವಾಗುವುದಿಲ್ಲವಷ್ಟೆ. ಎರಡನೆಯದಾಗಿ, ‘ತಡೆಯಬಹುದಾಗಿದ್ದ’ ಎಂಬ ವಿಶೇಷಣವು ಔಷಧದ ಸಹಜವಾದ ಅಡ್ಡಪರಿಣಾಮವನ್ನೂ ಮನುಷ್ಯರ ವ್ಯವಹಾರದಿಂದ ಬಂದ ಕೇಡನ್ನೂ ಬೇರ್ಪಡಿಸುತ್ತದೆ. ನಮ್ಮ ‘ಮದ್ದು’ ಎಂಬ ದೇಶ್ಯಪದ ಈ ಅಪಾಯವನ್ನು ಹಿಂದಿನಿಂದಲೂ ಬಲ್ಲದು. ವಾಸಿಮಾಡುವುದೂ ಮದ್ದು, ಸಿಡಿಯುವುದೂ ಮದ್ದು. ‘ಮದ್ದು ಹಾಕಿದರು’ ಎಂದರೆ ಕೇಡನ್ನು ಉಣಿಸಿದರು ಎಂದೇ ಅರ್ಥ.

ಈ ದೋಷಗಳು ಎಷ್ಟು ವ್ಯಾಪಕವಾಗಿವೆಯೆಂಬುದಕ್ಕೆ ೨೦೧೨ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಸಂಶೋಧನೆಯೊಂದನ್ನು ನೋಡಬಹುದು. ಅಲ್ಲಿಯ ೧೫ ಸಾಮಾನ್ಯ ವೈದ್ಯರ ಕೇಂದ್ರಗಳಲ್ಲಿ ೧,೭೭೭ ರೋಗಿಗಳಿಗೆ ಬರೆದಿದ್ದ ೬,೦೪೮ ಔಷಧಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಸುಮಾರು ೨೦ಕ್ಕೆ ಒಂದರಲ್ಲಿ ಬರವಣಿಗೆಯದೋ ಮೇಲ್ವಿಚಾರಣೆಯದೋ ದೋಷ ಕಂಡುಬಂದಿತು; ಸುಮಾರು ೫೫೦ಕ್ಕೆ ಒಂದರಲ್ಲಿ ಕಂಡ ದೋಷ ಅತಿ ಗಂಭೀರವಾದುದು. ಕಂಪ್ಯೂಟರೂ, ದಾಖಲೆಯೂ, ತರಬೇತಿ ಪಡೆದ ಔಷಧಜ್ಞರೂ ಇರುವ ನಾಡಿನ ಲೆಕ್ಕ ಇದು. ೨೦೧೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಔಷಧದಿಂದಾಗುವ ತಡೆಯಬಹುದಾದ ತೀವ್ರ ಹಾನಿಯನ್ನು ೫ ವರ್ಷಗಳಲ್ಲಿ ಅರ್ಧಕ್ಕೆ ಇಳಿಸಬೇಕೆಂದು ಎಲ್ಲ ರಾಷ್ಟ್ರಗಳ ಮುಂದೆ ಗುರಿಯನ್ನಿಟ್ಟಿತು. ಆ ಅವಧಿ ೨೦೨೨ಕ್ಕೆ ಮುಗಿಯಿತು, ಪ್ರಶ್ನೆ ಮುಗಿದಿಲ್ಲ.

೩

ಇನ್ನು ಚೀಟಿಯನ್ನೇ ನೋಡೋಣ. ಅದರ ದೋಷಗಳಿಗೂ ಓಲೆಯ ಪ್ರತಿಯ ದೋಷಗಳಿಗೂ ಇರುವ ಸಾಮ್ಯ ಆಶ್ಚರ್ಯಕರವಾಗಿದೆ.

ಮೊದಲನೆಯದು ಅಕ್ಷರಸಾದೃಶ್ಯ. ಇನ್ಸುಲಿನ್ನಿನ ಪ್ರಮಾಣವನ್ನು ಬರೆಯುವಾಗ ‘ಯೂನಿಟ್’ ಎಂಬುದಕ್ಕೆ ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಹಾಕುವ ರೂಢಿಯಿದೆ. ಅವಸರದ ಕೈಯಲ್ಲಿ ಅದರ ಬಾಯಿ ಮುಚ್ಚಿಕೊಂಡರೆ ಸೊನ್ನೆಯಾಗುತ್ತದೆ. ೧೦ ಯೂನಿಟ್ಟು ೧೦೦ ಆಗುತ್ತದೆ. ಎರಡನೆಯದು ಚಿಹ್ನಲೋಪ. ೧.೦ ಎಂದು ಬರೆದಲ್ಲಿ ಬಿಂದು ಅಳಿಸಿದರೆ ೧೦, ಸೊನ್ನೆಯನ್ನು ಮುಂದಿಡದೆ.೫ ಎಂದು ಬರೆದಲ್ಲಿ ಬಿಂದು ಕಾಣದಿದ್ದರೆ ೫. ಎರಡು ಕಡೆಯೂ ಪ್ರಮಾಣವು ಹತ್ತು ಮಡಿಯಾಗುತ್ತದೆ. ಮೂರನೆಯದು ಸಂಕ್ಷೇಪದ ಸಂದಿಗ್ಧತೆ. ದಿನಕ್ಕೊಮ್ಮೆ ಎಂಬ ಅರ್ಥದಲ್ಲಿ ನಮ್ಮ ವೈದ್ಯರು ಬರೆಯುವ ‘ಒ.ಡಿ.’ ಎಂಬುದೇ ಕಣ್ಣಿನ ವೈದ್ಯರ ಲ್ಯಾಟಿನ್ ಸಂಕೇತದಲ್ಲಿ ‘ಬಲಗಣ್ಣು’ ಎಂಬ ಅರ್ಥವನ್ನು ಕೊಡುತ್ತದೆ. ‘ಎಚ್.ಎಸ್.’ ಎಂಬುದನ್ನು ಮಲಗುವ ವೇಳೆ ಎಂದೂ ಓದಬಹುದು, ಅರ್ಧ ಬಲದ ಔಷಧ ಎಂದೂ ಓದಬಹುದು. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಂಟಿ ಆಯೋಗವು ೨೦೦೪ರಲ್ಲಿಯೇ ಇಂತಹ ಕೆಲವು ಸಂಕೇತಗಳನ್ನು ಬಳಸಕೂಡದೆಂದು ಪಟ್ಟಿಮಾಡಿ ನಿಷೇಧಿಸಿತು. ‘ಯು’ ಅಕ್ಷರವೂ ದಶಮಾಂಶದ ಮುಂದಿನ ವ್ಯರ್ಥ ಸೊನ್ನೆಯೂ ಅದರಲ್ಲಿ ಸೇರಿವೆ.

ನಾಲ್ಕನೆಯದು ಇವೆಲ್ಲಕ್ಕಿಂತ ಸೂಕ್ಷ್ಮ. ಕ್ಲಿಷ್ಟಪಾಠವೊಂದು ಎದುರಾದಾಗ ಲಿಪಿಕಾರನು ಅರಿಯದೆಯೇ ತನಗೆ ತಿಳಿದ ಸುಲಭಪಾಠವನ್ನು ಬರೆದುಬಿಡುತ್ತಾನೆ. ಔಷಧದಂಗಡಿಯವನ ಕಣ್ಣೂ ಹಾಗೆಯೇ. ಕ್ಲೋರ್‌ಪ್ರೊಪಮೈಡ್ ಸಕ್ಕರೆಕಾಯಿಲೆಗೆ ಕೊಡುತ್ತಿದ್ದ ಔಷಧ. ಕ್ಲೋರ್‌ಪ್ರೊಮಜೀನ್ ಚಿತ್ತವಿಕಾರದ ಔಷಧ. ಇವೆರಡರ ಗೊಂದಲ ವೈದ್ಯಗ್ರಂಥಗಳಲ್ಲಿ ಪ್ರಸಿದ್ಧವಾದ ಉದಾಹರಣೆ. ಚೀಟಿಯಲ್ಲಿ ಮೊದಲಿನ ನಾಲ್ಕಾರು ಅಕ್ಷರ ಕಂಡೊಡನೆ ಮನಸ್ಸು ತನಗೆ ಬಳಕೆಯಿರುವ ಹೆಸರನ್ನು ತಾನೇ ಪೂರ್ತಿಮಾಡಿಕೊಳ್ಳುತ್ತದೆ. ಇದು ಅಜ್ಞಾನದ ಫಲವಲ್ಲ, ಅಭ್ಯಾಸದ ಫಲ. ಆದುದರಿಂದಲೇ ಅನುಭವಿಗಳೂ ಇದಕ್ಕೆ ಸಿಲುಕುತ್ತಾರೆ.

೪

ಹೆಸರಿನ ವಿಷಯ ಬಂದುದರಿಂದ ಒಂದು ನ್ಯಾಯನಿರ್ಣಯವನ್ನು ಇಲ್ಲಿ ಸ್ಮರಿಸಬೇಕು. ಫಾಲ್ಸಿಗೋ ಮತ್ತು ಫಾಲ್ಸಿಟ್ಯಾಬ್ ಎಂಬ ಎರಡು ಔಷಧಗಳು ಮಿದುಳಿಗೇರಿದ ಮಲೇರಿಯಾಕ್ಕೆಂದು ಮಾರುಕಟ್ಟೆಗೆ ಬಂದುವು. ಒಂದರಲ್ಲಿದ್ದ ವಸ್ತುವೇ ಬೇರೆ, ಇನ್ನೊಂದರಲ್ಲಿದ್ದ ವಸ್ತುವೇ ಬೇರೆ. ಹೆಸರಿನ ಸಾಮ್ಯದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೧ರಲ್ಲಿ ಹೇಳಿದ ಮಾತು ಭಾಷಾಭ್ಯಾಸಿಗಳು ಮನನ ಮಾಡತಕ್ಕದ್ದು. ಔಷಧದ ಹೆಸರಿನಲ್ಲಿ ಗೊಂದಲವಾದರೆ ಆಗುವ ಕೇಡು ಇತರ ಸರಕುಗಳ ವಿಷಯದಲ್ಲಿ ಆಗುವ ಕೇಡಿನಂತಲ್ಲ. ಆದುದರಿಂದ ಇಲ್ಲಿ ಹೆಚ್ಚು ಕಠಿನವಾದ ಪರೀಕ್ಷೆ ಬೇಕು. ಒಂದೇ ಸಾಮಾನ್ಯ ಭಾಷೆಯಿಲ್ಲದ, ಬಹುಮಂದಿ ಅನಕ್ಷರಸ್ಥರಾಗಿರುವ, ಇಂಗ್ಲಿಷು ಬಲ್ಲವರು ಕೆಲವರೇ ಆಗಿರುವ ಈ ದೇಶಕ್ಕೆ ಇಂಗ್ಲೆಂಡಿನ ಗ್ರಾಹಕನನ್ನು ಮನಸ್ಸಿನಲ್ಲಿಟ್ಟುಕೊಂಡ ನಿಯಮಗಳನ್ನು ಹಾಗೆಯೇ ಅನ್ವಯಿಸುವುದು ವಾಸ್ತವವನ್ನು ಮರೆತಂತೆ ಎಂಬುದು ಆ ಮಾತಿನ ಸಾರ. ಔಷಧವನ್ನು ಓದುವವನು ಯಾರು ಎಂಬ ಪ್ರಶ್ನೆಯನ್ನು ವೈದ್ಯಶಾಸ್ತ್ರಜ್ಞರಿಗಿಂತ ಸ್ಪಷ್ಟವಾಗಿ ನ್ಯಾಯಾಧೀಶರು ಕೇಳಿದಂತಾಯಿತು.

ಬೇರೆ ವಸ್ತುಗಳಿಗೆ ಒಂದೇ ಬಗೆಯ ಹೆಸರು ಒಂದು ತೊಂದರೆಯಾದರೆ, ಒಂದೇ ವಸ್ತುವಿಗೆ ಹಲವು ಹೆಸರು ಇನ್ನೊಂದು ತೊಂದರೆ. ನಮ್ಮ ಪ್ರಾಚೀನ ವೈದ್ಯರು ಇದನ್ನು ಬಲ್ಲವರಾದ್ದರಿಂದಲೇ ಗಿಡಮೂಲಿಕೆಗಳ ಪರ್ಯಾಯನಾಮಗಳನ್ನು ಒಟ್ಟುಗೂಡಿಸಿ ನಿಘಂಟುಗಳನ್ನು ರಚಿಸಿದರು. ಇಂದಿನ ವ್ಯಾಪಾರನಾಮಗಳಿಗೆ ರೋಗಿಯ ಕೈಯಲ್ಲಿ ಅಂತಹ ನಿಘಂಟು ಇಲ್ಲ. ಈ ಲೇಖಕನ ಬಂಧುಗಳಲ್ಲಿ ಒಬ್ಬ ವೃದ್ಧೆಗೆ ರಕ್ತದೊತ್ತಡಕ್ಕಾಗಿ ಅಮ್ಲೋಡಿಪಿನ್ ಮಾತ್ರೆಯನ್ನು ಊರಿನ ವೈದ್ಯರು ಕೊಟ್ಟಿದ್ದರು. ಮಗಳ ಮನೆಗೆ ಹೋಗಿದ್ದಾಗ ಅಲ್ಲಿಯ ವೈದ್ಯರು ಅದೇ ಮಾತ್ರೆಯನ್ನು ಇನ್ನೊಂದು ವ್ಯಾಪಾರನಾಮದಲ್ಲಿ ಬರೆದರು. ಒಂದು ಬಿಳಿಯ ಹಾಳೆಯಲ್ಲಿತ್ತು, ಇನ್ನೊಂದು ಹಸಿರು ಹಾಳೆಯಲ್ಲಿತ್ತು. ಆಕೆ ಎರಡನ್ನೂ ತಪ್ಪದೆ ಸೇವಿಸಿದರು. ಕಾಲು ಊದಿಕೊಂಡಿತು, ತಲೆ ಸುತ್ತಿತು, ಒಂದು ದಿನ ಬಚ್ಚಲಲ್ಲಿ ಬಿದ್ದರು. ಇಬ್ಬರು ವೈದ್ಯರೂ ಬರೆದದ್ದು ಸರಿಯಾಗಿಯೇ ಇತ್ತು. ಅಂಗಡಿಯವರು ಕೊಟ್ಟದ್ದೂ ಸರಿಯಾಗಿಯೇ ಇತ್ತು. ಆಕೆಯಂತೂ ಹೇಳಿದ್ದನ್ನು ಹೇಳಿದಂತೆಯೇ ಮಾಡಿದ್ದರು. ಹಾಗಾದರೆ ತಪ್ಪು ಎಲ್ಲಿತ್ತು? ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಸಂಪಾದಕನು ಆ ಮನೆಯಲ್ಲಿ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹೊತ್ತಗೆಯು ಪರಿಹಾರಗಳಲ್ಲಿ ಒಂದಾಗಿ ಹೇಳುವ ‘ಔಷಧಗಳ ತಾಳೆನೋಟ’ ಈ ಪ್ರತಿಸಂವಾದದ ಕೆಲಸವೇ ಹೊರತು ಬೇರೆಯಲ್ಲ.

೫

ಈಗ ಆ ಹೊತ್ತಗೆಯ ಮೇಲಿನ ನಮ್ಮ ಮುಖ್ಯ ಆಕ್ಷೇಪಣೆಯನ್ನು ಹೇಳಬಹುದು. ದೋಷದ ಕಾರಣಗಳನ್ನು ಅದು ವೈದ್ಯವೃತ್ತಿಯವರು, ರೋಗಿಗಳು, ಕೆಲಸದ ಪರಿಸರ, ಔಷಧಗಳು, ಕೆಲಸದ ಸ್ವರೂಪ, ಕಂಪ್ಯೂಟರ್ ವ್ಯವಸ್ಥೆ, ಆಸ್ಪತ್ರೆಗೂ ಪ್ರಾಥಮಿಕ ಚಿಕಿತ್ಸೆಗೂ ನಡುವಣ ಸಂಧಿ ಎಂದು ವರ್ಗೀಕರಿಸುತ್ತದೆ. ವರ್ಗೀಕರಣ ಉಪಯುಕ್ತವಾದುದು. ಆದರೆ ಅಕ್ಷರಜ್ಞಾನವೂ ಭಾಷೆಯ ಅಡಚಣೆಯೂ ಯಾವ ವರ್ಗದಲ್ಲಿ ಸೇರಿವೆಯೆಂದು ನೋಡಿದರೆ, ಅವು ‘ರೋಗಿಗಳು’ ಎಂಬುದರ ಕೆಳಗೆ, ರೋಗಿಯ ಗುಣಲಕ್ಷಣಗಳಾಗಿ ಕುಳಿತಿವೆ. ಇದು ಸರಿಯೆ? ಕನ್ನಡ ನಾಡಿನಲ್ಲಿ ಹುಟ್ಟಿ, ಕನ್ನಡದಲ್ಲಿ ಮಾತನಾಡಿ, ಕನ್ನಡವನ್ನು ತಕ್ಕಮಟ್ಟಿಗೆ ಓದಬಲ್ಲ ರೈತನೊಬ್ಬನು, ಕನ್ನಡದಲ್ಲಿಯೇ ತನ್ನ ನೋವನ್ನು ವಿಚಾರಿಸಿದ ವೈದ್ಯನಿಂದ ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಪಡೆದು, ಅದನ್ನು ಓದಲಾರದೆ ಹೋದರೆ, ಆ ಅಡಚಣೆ ಯಾರ ಗುಣಲಕ್ಷಣ? ಅದು ಚೀಟಿಯ ಗುಣಲಕ್ಷಣ. ಕಾರಣವನ್ನು ತಪ್ಪಾದ ಕಲಮಿನ ಕೆಳಗೆ ಬರೆದುದರಿಂದ ಪರಿಹಾರವೂ ತಪ್ಪಾದ ಕಡೆಗೆ ತಿರುಗುತ್ತದೆ. ರೋಗಿಯನ್ನು ತಿದ್ದಬೇಕೆನ್ನಿಸುತ್ತದೆಯೇ ಹೊರತು ಬರಹವನ್ನು ತಿದ್ದಬೇಕೆನ್ನಿಸುವುದಿಲ್ಲ.

ನಮ್ಮ ದೇಶದ ನಿಯಮಗಳಲ್ಲಿಯೂ ಇದೇ ಕೊರತೆಯಿದೆ. ಚೀಟಿಯು ಲಿಖಿತವಾಗಿರಬೇಕು, ವೈದ್ಯನ ರುಜು ಮತ್ತು ತಾರೀಖು ಇರಬೇಕು, ರೋಗಿಯ ಹೆಸರು ವಿಳಾಸಗಳೂ ಔಷಧದ ಪ್ರಮಾಣವೂ ಇರಬೇಕು ಎಂದು ೧೯೪೫ರ ಔಷಧ ನಿಯಮಗಳು ವಿಧಿಸಿವೆ. ೨೦೧೬ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು ತನ್ನ ನಡತೆಯ ನಿಯಮಗಳನ್ನು ತಿದ್ದಿ, ವೈದ್ಯರು ಔಷಧವನ್ನು ಅದರ ಮೂಲನಾಮದಿಂದ, ಸ್ಪಷ್ಟವಾಗಿ, ಆದಷ್ಟು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದಿತು. ಇದು ಸ್ವಾಗತಾರ್ಹವಾದ ತಿದ್ದುಪಡಿ. ಆದರೆ ಅಕ್ಷರ ಸ್ಪಷ್ಟವಾಗಿರುವುದು ಬೇರೆ, ಅರ್ಥ ಸ್ಪಷ್ಟವಾಗಿರುವುದು ಬೇರೆ. ದುಂಡಗೆ ಬರೆದ ‘ಬಿ.ಡಿ.’ಯನ್ನು ಅಂಗಡಿಯವನು ಓದಬಲ್ಲ. ಮಾತ್ರೆಯನ್ನು ನುಂಗುವವಳು ಓದಲಾರಳು. ಈ ನಿಯಮಗಳೆಲ್ಲ ಚೀಟಿಗೆ ಒಬ್ಬನೇ ಓದುಗನನ್ನು ಕಲ್ಪಿಸಿಕೊಂಡಿವೆ, ಅವನು ಔಷಧಜ್ಞ. ಎರಡನೆಯ ಓದುಗ, ಎಂದರೆ ತಪ್ಪಾದರೆ ಅದರ ಫಲವನ್ನು ತನ್ನ ದೇಹದಲ್ಲಿ ಅನುಭವಿಸುವವನು, ಇವುಗಳ ಲೆಕ್ಕಕ್ಕೇ ಬಂದಿಲ್ಲ.

ಓದಿದರೂ ಅರ್ಥವಾಯಿತೆಂದು ಹೇಳುವಂತಿಲ್ಲ ಎಂಬುದಕ್ಕೆ ಅಮೆರಿಕದಲ್ಲಿ ನಡೆದು ೨೦೦೬ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾಕ್ಷಿ. ಮೂರು ಪ್ರಾಥಮಿಕ ಚಿಕಿತ್ಸಾ ಕೇಂದ್ರಗಳಲ್ಲಿ, ಇಂಗ್ಲಿಷು ಮಾತನಾಡುವ ೩೯೫ ರೋಗಿಗಳಿಗೆ ಔಷಧದ ಸೀಸೆಯ ಮೇಲಿನ ಚೀಟಿಗಳನ್ನು ತೋರಿಸಿದರು. ದಿನಕ್ಕೆರಡು ಸಲ ಎರಡೆರಡು ಮಾತ್ರೆ ಎಂಬ ಸೂಚನೆಯನ್ನು, ಓದುಬರಹ ಕಡಮೆಯಿದ್ದವರಲ್ಲಿ ೧೦೦ಕ್ಕೆ ೭೧ರಷ್ಟು ಮಂದಿ ಸರಿಯಾಗಿ ಓದಿ ಹೇಳಿದರು. ಹಾಗಾದರೆ ಒಂದು ದಿನಕ್ಕೆ ಎಷ್ಟು ಮಾತ್ರೆಯೋ ಎಣಿಸಿ ತೋರಿಸಿ ಎಂದಾಗ ಸರಿಯಾಗಿ ಎಣಿಸಿದವರು ೧೦೦ಕ್ಕೆ ೩೫ರಷ್ಟು ಮಾತ್ರ. ಬಾಯಿಪಾಠ ಒಪ್ಪಿಸುವ ವಿದ್ಯಾರ್ಥಿಗೆ ಅರ್ಥ ತಿಳಿದಿದೆಯೆಂದು ಯಾವ ಅಧ್ಯಾಪಕನೂ ನಂಬುವುದಿಲ್ಲ. ‘ಗೊತ್ತಾಯಿತೇನಮ್ಮ?’ ಎಂದು ಕೇಳಿ, ‘ಆಯಿತು ಸ್ವಾಮಿ’ ಎಂಬ ಉತ್ತರದಿಂದ ತೃಪ್ತನಾಗುವ ವೈದ್ಯನು ಮಾತ್ರ ನಂಬುತ್ತಾನೆ.

೬

೨೦೨೪ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವು, ಸರ್ಕಾರಿ ವೈದ್ಯರು ಔಷಧಚೀಟಿಯನ್ನು ಕನ್ನಡದಲ್ಲಿ ಬರೆಯುವಂತೆ ಮಾಡಬೇಕೆಂದು ಆರೋಗ್ಯ ಸಚಿವರನ್ನು ಕೋರಿತು. ಈ ಬೇಡಿಕೆಯನ್ನು ಬರಿಯ ಭಾಷಾಭಿಮಾನವೆಂದು ತಳ್ಳಿಹಾಕುವುದೂ ತಪ್ಪು, ಅಭಿಮಾನದಿಂದಲೇ ಒಪ್ಪಿಕೊಳ್ಳುವುದೂ ತಪ್ಪು. ವೈದ್ಯವಿಷಯವನ್ನು ಹೇಳುವ ಶಕ್ತಿ ಕನ್ನಡಕ್ಕಿಲ್ಲವೆಂಬ ವಾದ ನಿಲ್ಲುವುದಿಲ್ಲ; ೧೪ನೆಯ ಶತಮಾನದಲ್ಲಿಯೇ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನೆಲ್ಲ ಕನ್ನಡದಲ್ಲಿ ನಿರೂಪಿಸಿದ್ದಾನೆ. ಆದರೆ ಔಷಧದ ಹೆಸರನ್ನು ಕನ್ನಡ ಲಿಪಿಗೆ ಇಳಿಸಿದಾಗ ಒಬ್ಬೊಬ್ಬ ವೈದ್ಯನು ಒಂದೊಂದು ರೀತಿಯಲ್ಲಿ ಬರೆದರೆ, ಇರುವ ಪಾಠಾಂತರಗಳ ಜೊತೆಗೆ ಹೊಸವನ್ನು ಸೃಷ್ಟಿಸಿದಂತಾಗುತ್ತದೆ. ಡಬ್ಬಿಯ ಮೇಲಿನ ಹೆಸರಿಗೂ ಚೀಟಿಯ ಹೆಸರಿಗೂ ತಾಳೆ ನೋಡುವುದು ಆಗ ಇನ್ನೂ ಕಷ್ಟವಾದೀತು.

ಕೇವಲ ಅನುವಾದದಿಂದ ಕೆಲಸ ಆಗುವುದಿಲ್ಲವೆಂಬುದಕ್ಕೂ ನಿದರ್ಶನವಿದೆ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಔಷಧದಂಗಡಿಗಳಲ್ಲಿ ಕಂಪ್ಯೂಟರು ಸ್ಪ್ಯಾನಿಷ್ ಭಾಷೆಯಲ್ಲಿ ಸಿದ್ಧಪಡಿಸಿದ ಸೂಚನಾಚೀಟಿಗಳನ್ನು ಪರೀಕ್ಷಿಸಿದವರಿಗೆ ಅವುಗಳಲ್ಲಿ ಅರ್ಧದಷ್ಟು ತಪ್ಪಿನಿಂದ ಕೂಡಿರುವುದು ಕಂಡುಬಂದಿತೆಂದು ೨೦೧೦ರ ವರದಿ ಹೇಳುತ್ತದೆ. ಒಮ್ಮೆ ಎಂಬ ಅರ್ಥದ ಇಂಗ್ಲಿಷ್ ಪದವನ್ನು ಹಾಗೆಯೇ ಬಿಟ್ಟರೆ, ಅದೇ ಅಕ್ಷರಗಳು ಸ್ಪ್ಯಾನಿಷ್ ಓದುಗನಿಗೆ ‘ಹನ್ನೊಂದು’ ಎಂದಾಗುತ್ತವೆ.

ಕನ್ನಡದಲ್ಲಿಯೂ ಗುಂಡಿಗಳುಂಟು. ‘ಊಟವಾದ ಮೇಲೆ, ದಿನಕ್ಕೆ ಮೂರು ಸಲ’ ಎಂದು ಬರೆದರೆ, ಬೆಳಗ್ಗೆ ತಿಂಡಿ ತಿಂದು ದಿನಕ್ಕೆ ಎರಡೇ ಊಟ ಮಾಡುವವನು ಮೂರನೆಯದನ್ನು ಯಾವಾಗ ತೆಗೆದುಕೊಳ್ಳಬೇಕು? ನಮ್ಮ ಮಾತಿನಲ್ಲಿ ತಿಂಡಿ ಊಟವಲ್ಲ. ‘ಖಾಲಿ ಹೊಟ್ಟೆಯಲ್ಲಿ’ ಎಂದರೆ ಕಾಫಿ ಕುಡಿದ ಹೊಟ್ಟೆಯೂ ಖಾಲಿಯೆಂದೇ ಅನೇಕರ ಎಣಿಕೆ. ‘ಒಂದು ಚಮಚ’ ಎಂಬಲ್ಲಿ ಸಕ್ಕರೆ ಕಲಕುವ ಚಮಚವೋ ಸಾರು ಬಡಿಸುವ ಚಮಚವೋ ಎಂಬುದು ಮಗುವಿನ ಔಷಧದಲ್ಲಿ ಸಣ್ಣ ಸಂಗತಿಯಲ್ಲ. ಕನ್ನಡದ ಅಂಕೆಗಳನ್ನು ಬಳಸಬೇಕೆನ್ನುವವರು, ಅವಸರದಲ್ಲಿ ಬರೆದ ೧ ಎಂಬುದು ೦ ಎಂಬಂತೆಯೇ ಕಾಣುವುದನ್ನು ಗಮನಿಸಬೇಕು; ೧-೦-೧ ಎಂಬ ಬರವಣಿಗೆಯಲ್ಲಿ ಇದು ಸಾಮಾನ್ಯವಾದ ಅಪಾಯವಲ್ಲ.

ಆದುದರಿಂದ ನಮ್ಮ ಅಭಿಪ್ರಾಯ ಇದು. ಔಷಧಚೀಟಿ ನೋಟಕ್ಕೆ ಒಂದಾದರೂ ನಿಜವಾಗಿ ಎರಡು ಬರಹ. ವಸ್ತುವಿನ ಹೆಸರೂ ಬಲವೂ ಔಷಧಜ್ಞನಿಗೆ ಬರೆದದ್ದು. ಅದು ಎಲ್ಲೆಡೆಯೂ ಒಂದೇ ರೂಪದಲ್ಲಿರುವ ಮೂಲನಾಮದಲ್ಲಿ, ಬಿಡಿಬಿಡಿಯಾದ ದೊಡ್ಡಕ್ಷರಗಳಲ್ಲಿ ಇರಲಿ. ಸೇವನೆಯ ವಿಧಿ ರೋಗಿಗೆ ಬರೆದದ್ದು, ಅದು ಕನ್ನಡದಲ್ಲಿ, ಸಂಕೇತಗಳಿಲ್ಲದೆ, ಸಂಖ್ಯೆಯನ್ನೂ ಅಕ್ಷರಗಳಲ್ಲಿಯೇ ಬಿಡಿಸಿ, ‘ಬೆಳಗ್ಗೆ ತಿಂಡಿಯ ಮೇಲೆ ಒಂದು, ರಾತ್ರಿ ಊಟದ ಮೇಲೆ ಒಂದು, ರಕ್ತದೊತ್ತಡಕ್ಕೆ’ ಎಂಬಂತೆ ಇರಲಿ. ಯಾವ ಕಾಯಿಲೆಗೆ ಎಂಬ ಒಂದೇ ಒಂದು ಮಾತು ಚೀಟಿಯಲ್ಲಿದ್ದಿದ್ದರೆ, ಮೇಲೆ ಹೇಳಿದ ವೃದ್ಧೆ ಎರಡು ಹಾಳೆಯ ಮಾತ್ರೆಗಳೂ ಒಂದೇ ಕೆಲಸದವೆಂದು ಕಂಡುಕೊಳ್ಳುತ್ತಿದ್ದರು. ಅವರಿಗೆ ಕನ್ನಡ ಓದಲು ಬರುತ್ತಿತ್ತು.

೭

ಇಷ್ಟಾದರೂ ನಮ್ಮ ವಾದಕ್ಕೆ ಒಂದು ಮಿತಿಯಿದೆ. ಚೀಟಿಯೇ ಇಲ್ಲದ ಕಡೆ ಪಾಠವಿಮರ್ಶೆಗೆ ಎಡೆಯೆಲ್ಲಿ? ಡಬ್ಬಿಯಿಂದ ಬಿಡಿಸಿದ ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ‘ಬಿಳೀದು ಬೆಳಗ್ಗೆ, ಕೆಂಪುದು ರಾತ್ರಿ’ ಎಂದು ಬಾಯಲ್ಲಿ ಹೇಳಿ ಕಳುಹಿಸುವ ದವಾಖಾನೆಗಳು ನಮ್ಮಲ್ಲಿವೆ. ಹೋದ ವರ್ಷದ ಚೀಟಿಯನ್ನು ಈ ವರ್ಷದ ಜ್ವರಕ್ಕೆ ಅಂಗಡಿಯಲ್ಲಿ ತೋರಿಸುವವರೂ ಇದ್ದಾರೆ. ಇಂತಹ ಕಡೆ ದೋಷ ನಡೆದರೂ ಅದರ ಗುರುತು ಉಳಿಯುವುದಿಲ್ಲ. ಇಂಗ್ಲೆಂಡಿನ ಸಂಶೋಧಕರು ೨೦ಕ್ಕೆ ಒಂದೆಂದು ಎಣಿಸಬಲ್ಲವರಾದದ್ದು ಅಲ್ಲಿ ದಾಖಲೆಗಳಿದ್ದುದರಿಂದ. ಮೂಲಪ್ರತಿಯೇ ಇಲ್ಲದವನಿಗೆ ಅಪಪಾಠವನ್ನು ತೋರಿಸಿಕೊಡುವ ದಾರಿಯಿಲ್ಲ. ಆದುದರಿಂದ, ಬರೆದುಕೊಡುವುದೇ ಸುರಕ್ಷತೆಯ ಮೊದಲ ಮೆಟ್ಟಿಲು.

ಕೊನೆಯದಾಗಿ, ಹೊಣೆಯ ಪ್ರಶ್ನೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ವಾರಕ್ಕೊಮ್ಮೆ ಸೇವಿಸಬೇಕು. ದಿನವೂ ಸೇವಿಸಿದರೆ ಎಲುಬಿನ ಮಜ್ಜೆಯೇ ಸೋತು ಪ್ರಾಣಹಾನಿಯಾಗಬಹುದು. ೨೦೦೦ದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಷೈರಿನಲ್ಲಿ ಒಬ್ಬ ರೋಗಿ ಈ ಔಷಧದ ವಿಷಪರಿಣಾಮದಿಂದ ಮೃತರಾದಾಗ ಅಲ್ಲಿಯ ಆರೋಗ್ಯಾಧಿಕಾರ ಮಂಡಲಿ ವಿಚಾರಣೆ ನಡೆಸಿತು. ತಪ್ಪು ಒಬ್ಬರದೆಂದು ಬೆರಳಿಟ್ಟು ತೋರಿಸುವಂತಿರಲಿಲ್ಲ. ಅದು ಒಂದು ಕೈಯಿಂದ ಇನ್ನೊಂದು ಕೈಗೆ, ತಡೆಯಬಹುದಾಗಿದ್ದ ಒಂದೊಂದು ಎಡೆಯನ್ನೂ ದಾಟಿಕೊಂಡು ಸಾಗಿತ್ತು. ‘ವಾರಕ್ಕೊಮ್ಮೆ’ ಎಂದಷ್ಟೇ ಬರೆಯದೆ ‘ಸೋಮವಾರ ಮಾತ್ರ’ ಎಂದು ವಾರದ ಹೆಸರನ್ನೇ ಬರೆಯಬೇಕೆಂದು ಬಲ್ಲವರು ಈಗ ಹೇಳುತ್ತಾರೆ. ಅದೇ ವರ್ಷ ಜೇಮ್ಸ್ ರೀಸನ್ ಎಂಬ ಮನಶ್ಶಾಸ್ತ್ರಜ್ಞರು, ತಪ್ಪುಮಾಡಿದವನನ್ನು ಹಿಡಿದು ದಂಡಿಸುವ ದೃಷ್ಟಿಯನ್ನೂ ತಪ್ಪು ಹಾದುಬಂದ ವ್ಯವಸ್ಥೆಯನ್ನು ಪರೀಕ್ಷಿಸುವ ದೃಷ್ಟಿಯನ್ನೂ ಬೇರೆಬೇರೆಯಾಗಿ ವಿವರಿಸಿ ಎರಡನೆಯದನ್ನು ಸಮರ್ಥಿಸಿದರು.

ಇದು ಗ್ರಂಥಸಂಪಾದಕನಿಗೆ ಹೊಸ ಮಾತಲ್ಲ. ಲಿಪಿಕಾರನನ್ನು ಬೈಯುವುದರಿಂದ ಒಂದು ಪದ್ಯವೂ ಶುದ್ಧವಾಗಿಲ್ಲ. ಪ್ರತಿಯಿಂದ ಪ್ರತಿಗೆ ಪಾಠ ಹರಿದುಬಂದ ದಾರಿಯನ್ನು ಹುಡುಕಿ, ಅದು ಎಲ್ಲಿ ಕವಲೊಡೆಯಿತು, ಏಕೆ ಕೆಟ್ಟಿತು ಎಂದು ಕಂಡುಕೊಂಡಾಗಲೇ ಶುದ್ಧಪಾಠ ದೊರಕಿದೆ. ಒಂದು ವ್ಯತ್ಯಾಸ ಮಾತ್ರ ಉಂಟು. ಕೆಟ್ಟ ಪದ್ಯವನ್ನು ನೂರು ವರ್ಷದ ಮೇಲೆ ಬಂದ ವಿದ್ವಾಂಸನೂ ತಿದ್ದಬಲ್ಲ. ಔಷಧಚೀಟಿಯ ಪಾಠವನ್ನು ಮಾತ್ರ, ಮಾತ್ರೆ ಬಾಯಿಗೆ ಬೀಳುವ ಮೊದಲೇ ತಿದ್ದಬೇಕು. ಹಾಗೆ ತಿದ್ದಬಲ್ಲ ಕೊನೆಯ ಓದುಗ ರೋಗಿಯೇ. ಅವನಿಗೆ ಓದಲಾಗದ ಚೀಟಿಯನ್ನು ಅವನ ಕೈಗೆ ಕೊಡುವುದು ಆ ಕೊನೆಯ ಅವಕಾಶವನ್ನೂ ಕಿತ್ತುಕೊಂಡಂತೆ.